ಅತ್ತೆಗೆ ನಾನು ಹೇಳಿದ ಹೊತ್ತು

ಹೊಸನಗರದ ನಮ್ಮ ಮನೆಯಲ್ಲಿ ಸೂರ್ಯ ಮುಳುಗುವ ಹೊತ್ತನ್ನು ಹೇಳುವ ಕೆಲಸ ಹನ್ನೆರಡು ವರ್ಷ ನನ್ನದಾಗಿತ್ತು. ನಮ್ಮದು ಜೈನರ ಮನೆ. ಅತ್ತೆಗೆ ರಾತ್ರಿ ಊಟವಿಲ್ಲ. ಊಟ ಹಾಗಿರಲಿ, ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರೂ ಇಲ್ಲ. ಮಾವ ತೀರಿಕೊಂಡ ವರ್ಷ ಬಸದಿಯಲ್ಲಿ ನಿಂತು ತೆಗೆದುಕೊಂಡ ನಿಯಮ ಅದು, ಸಾಯುವ ತನಕದ್ದು. ಕಣ್ಣಿನ ನರ ಸೊರಗಿ ಗಡಿಯಾರದ ಮುಳ್ಳು ಕಾಣದಂತಾದ ಮೇಲೆ ಅವರು ಸಂಜೆಯಾಗುತ್ತಲೇ ನನ್ನನ್ನು ಕೇಳುತ್ತಿದ್ದರು, "ಹೊತ್ತು ಎಷ್ಟಿದ್ಯೇ?" ನಾನು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿ, ಕ್ಯಾಲೆಂಡರಿನಲ್ಲಿ ಆ ದಿನದ ಸೂರ್ಯಾಸ್ತ ನೋಡಿ, "ಇನ್ನು ಅರ್ಧ ಗಂಟೆ ಇದೆ, ಉಂಡು ನೀರು ಕುಡೀರಿ" ಅನ್ನುತ್ತಿದ್ದೆ.

ಇದು ಸುಲಭಕ್ಕೆ ಸಿಕ್ಕಿದ ಕೆಲಸವಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅರಳಸುರಳಿಯಲ್ಲಿ, ಗೇಣಿ ಮಾಡುತ್ತಿದ್ದು ಆಮೇಲೆ ಗದ್ದೆಗೆ ಒಡೆಯರಾದವರ ಮನೆಯಲ್ಲಿ. ಮೀನಿಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯದ ಮಂದಿ ನಾವು. ಅತ್ತೆಯ ಮಗನನ್ನು ಇಷ್ಟಪಟ್ಟು ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ನನ್ನ ಕೈಯ ನೀರು ಮುಟ್ಟಲಿಲ್ಲ. ನನ್ನ ಬಾಯಿಯೂ ಕಡಿಮೆಯದಲ್ಲ. "ನೀರಿಗೂ ನನ್ನ ಜಾತಿ ಅಂಟ್ಕೊಳ್ತದಾ?" ಅಂತ ಎದುರೇ ಕೇಳಿಬಿಟ್ಟಿದ್ದೆ. ಅಂಥ ಅತ್ತೆ ಬರಬರುತ್ತಾ ನಾನು ಬಟ್ಟೆಯಲ್ಲಿ ಸೋಸಿ ಕುದಿಸಿದ ನೀರನ್ನೇ ಕುಡಿಯತೊಡಗಿದರು, ನಾನು ಹೇಳಿದ ಹೊತ್ತನ್ನೇ ನಂಬತೊಡಗಿದರು. ಹೆತ್ತ ಮಗ ಹೇಳಿದರೂ ಒಪ್ಪುತ್ತಿರಲಿಲ್ಲ. "ಅವನದ್ದೆಲ್ಲ ಅಂದಾಜು. ನೀನು ಹೇಳು" ಅನ್ನುತ್ತಿದ್ದರು. ಒಳಗೊಳಗೇ ನನಗೆ ಅದರದ್ದೊಂದು ಜಂಬವೂ ಇತ್ತು.

ಹೋದ ವರ್ಷ ಮಾರ್ಚಿನಲ್ಲಿ ಅತ್ತೆಗೆ ಬೆನ್ನಿನ ಬಲಗಡೆ ನೋವು ಬಂತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಚ್ಚಲಿನ ಗೋಡೆ ಹಿಡಿದು ಕೂತವರು ಏಳಲಿಲ್ಲ. ಸಾಗರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದೆವು. ಬಲಗಡೆ ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಅಷ್ಟೇ ಆಗಿದ್ದರೆ ಬಾಳೆದಿಂಡಿನ ರಸ ಕುಡಿಸುವ ಬಂಧುಗಳು ನಮಗೂ ಬೇಕಾದಷ್ಟಿದ್ದರು. ಆದರೆ ಸ್ಕ್ಯಾನಿಂಗ್ ಮಾಡಿದವರು ಎಡಗಡೆಯನ್ನೇ ತುಂಬ ಹೊತ್ತು ಹುಡುಕಿದರು. ಎಡಗಡೆಯ ಕಿಡ್ನಿ ಹುಟ್ಟಿನಿಂದಲೇ ಬೆಳೆದಿರಲಿಲ್ಲ. ಎಪ್ಪತ್ತು ವರ್ಷ ಅತ್ತೆ ಒಂದೇ ಕಿಡ್ನಿಯಲ್ಲಿ ಬದುಕಿದ್ದರು, ಈಗ ಅದರ ಬಾಯಿ ಮುಚ್ಚಿಹೋಗಿತ್ತು.

ಸಾಗರದ ಆ ಸಣ್ಣ ಆಸ್ಪತ್ರೆಗೆ ಮೂತ್ರಕೋಶದ ತಜ್ಞರು ವಾರಕ್ಕೊಮ್ಮೆ ಶಿವಮೊಗ್ಗದಿಂದ ಬರುತ್ತಿದ್ದರು. ನಮ್ಮ ಪುಣ್ಯಕ್ಕೆ ಮರುದಿನವೇ ಅವರ ಸರದಿ. ಫೋನಿನಲ್ಲಿ ರಿಪೋರ್ಟು ನೋಡಿ ಅಡ್ಮಿಟ್ ಮಾಡಿಸಿ ಎಂದರು, ಬೆಳಗ್ಗೆ ಬಂದು ಅತ್ತೆಯ ಮಂಚದ ಬಳಿ ನಿಂತು ವಿವರಿಸಿದರು.

"ಹೊಟ್ಟೆ ಕೊಯ್ಯೋದಿಲ್ಲ ಅಜ್ಜಿ. ಮೂತ್ರ ಬರೋ ದಾರೀಲೇ ಸಣ್ಣ ಕ್ಯಾಮೆರಾ ಕಳಿಸಿ, ಲೇಸರಿಂದ ಕಲ್ಲನ್ನ ಪುಡಿ ಮಾಡ್ತೀವಿ. ಒಳಗೊಂದು ತೆಳು ಪೈಪು ಇಡ್ತೀವಿ, ಸ್ಟೆಂಟ್ ಅಂತ. ಒಂದು ತಿಂಗಳಿಗೆ ತೆಗೀತೀವಿ."

ಅತ್ತೆ ಕೇಳಿದರು, "ಆ ಕಲ್ಲಲ್ಲಿ ಜೀವ ಇರ್ತದಾ ಡಾಕ್ಟ್ರೇ?"

ಡಾಕ್ಟರು ನನ್ನ ಮುಖ ನೋಡಿದರು. ಅತ್ತೆಯ ನಂಬಿಕೆಯಲ್ಲಿ ನೆಲದೊಳಗಿನ ಕಲ್ಲು ಮಣ್ಣಿಗೂ ಜೀವವಿದೆ, ಸುಮ್ಮಸುಮ್ಮನೆ ಅದನ್ನು ಒಡೆಯುವ ಹಾಗಿಲ್ಲ. ನಗು ಬಂದರೂ ಡಾಕ್ಟರು ನಗಲಿಲ್ಲ. "ಇದು ಬರೀ ನಿಮ್ಮ ಮೈಯ ಉಪ್ಪು ಅಜ್ಜಿ, ಗಟ್ಟಿಯಾಗಿದೆ ಅಷ್ಟೆ" ಎಂದರು. ಅತ್ತೆ ಒಪ್ಪಿ ತಲೆಯಾಡಿಸಿದರು.

ಹನ್ನೊಂದಕ್ಕೆ ಆಪರೇಷನ್ ಎಂದಿದ್ದರು. ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಮೂರು ನಾಲ್ಕು ಗಂಟೆ ಬಾಯಿಗೆ ನೀರು ಕೊಡಬಾರದು. ನಾನು ಮನಸ್ಸಿನಲ್ಲೇ ಗುಣಿಸಿಕೊಂಡೆ. ನಾಲ್ಕು ಗಂಟೆಗೆ ನೀರು ಕುಡಿದರೂ ಹೊತ್ತು ಮುಳುಗುವುದರೊಳಗೆ ಎರಡೂವರೆ ಗಂಟೆ ಸಿಗುತ್ತದೆ. ಹಿಂದಿನ ಸಂಜೆಯಿಂದ ಅತ್ತೆಯ ಬಾಯಿಗೆ ಹನಿ ಬಿದ್ದಿರಲಿಲ್ಲ. ರಾತ್ರಿ ನಿಯಮ, ಬೆಳಗ್ಗೆ ಆಸ್ಪತ್ರೆಯ ಆಜ್ಞೆ. ಕೈಗೆ ಚುಚ್ಚಿದ ಡ್ರಿಪ್ಪೊಂದೇ ಆಧಾರ.

ಲೇಸರ್ ಮಿಷನ್ನು ಆ ಆಸ್ಪತ್ರೆಯದ್ದಲ್ಲ. ಅದು ವ್ಯಾನಿನಲ್ಲಿ ಊರೂರು ಸುತ್ತುವ ಮಿಷನ್ನು. ಹನ್ನೊಂದಾಯಿತು, ಹನ್ನೆರಡಾಯಿತು, ವ್ಯಾನಿನ ಸುಳಿವಿಲ್ಲ. ಬೇರೆ ಊರಿನಲ್ಲಿ ಒಂದು ಕೇಸು ತಡವಾಗಿದೆಯಂತೆ. ನಮ್ಮವರು ಅಂಗಡಿಯ ಬಾಗಿಲು ತೆಗೆಯಲು ಹೊಸನಗರಕ್ಕೆ ಹೋದವರು ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು. "ಶುರುವಾಯ್ತಾ?" "ಇಲ್ಲ." "ಶುರುವಾಯ್ತಾ?" ನಾಲ್ಕನೆಯ ಸಲ ನಾನು ಫೋನೇ ಎತ್ತಲಿಲ್ಲ. ಎರಡು ಗಂಟೆಯ ಹೊತ್ತಿಗೆ ಬಟ್ಟೆ ಹೊದಿಸಿದ ಮಿಷನ್ನನ್ನು ಇಬ್ಬರು ಉರುಳಿಸಿಕೊಂಡು ಬಂದರು.

ಆಪರೇಷನ್ ನಡೆಯುವಾಗ ಒಮ್ಮೆ ಡಾಕ್ಟರು ನನ್ನನ್ನು ಬಾಗಿಲ ತನಕ ಕರೆಸಿ ಪರದೆ ತೋರಿಸಿದರು. ತೆಳುಗೆಂಪು ಬಣ್ಣದ ಒದ್ದೆ ಸುರಂಗ, ಅದರ ತುದಿಯಲ್ಲಿ ಬೆಲ್ಲದ ಚೂರಿನಂಥ ಹಳದಿ ಕಲ್ಲು. ಲೇಸರಿನ ತುದಿ ತಾಗಿದಾಗಲೆಲ್ಲ ಹಿಟ್ಟು ಹಾರಿದ ಹಾಗೆ ಬಿಳಿ ಪುಡಿ ಏಳುತ್ತಿತ್ತು. ಎಷ್ಟೋ ಸಲ ಜಗಳವಾಡಿದ ಹೆಂಗಸಿನ ಒಳಗನ್ನು ಹೀಗೆ ನಿಂತು ನೋಡುವುದು ತಪ್ಪೆನಿಸಿ ಬೇಗ ಹೊರಗೆ ಬಂದೆ.

ಮುಗಿಯುವಾಗ ಮೂರೂಕಾಲು. ಡಾಕ್ಟರು ಹೊರಡುವ ಮೊದಲು ನನಗೆ ಎರಡು ಮಾತು ಹೇಳಿದರು. ಕಲ್ಲೆಲ್ಲ ಪುಡಿಯಾಗಿದೆ, ಒಳಗೆ ಸ್ವಲ್ಪ ರಕ್ತ ಒಸರುತ್ತಿದೆ, ಅದು ಹೆಪ್ಪುಗಟ್ಟಿ ಪೈಪಿಗೆ ಕಟ್ಟಿಕೊಳ್ಳಬಾರದು. "ಏಳು ಗಂಟೆ ಹೊತ್ತಿಗೆ ನೀರು ಶುರು ಮಾಡಿ, ಚೆನ್ನಾಗಿ ಕುಡಿಸಿ. ಇರೋದು ಒಂದೇ ಕಿಡ್ನಿ, ನೆನಪಿರಲಿ." ಏಳು ಗಂಟೆ. ಅವತ್ತಿನ ಸೂರ್ಯಾಸ್ತ ಆರು ಮೂವತ್ತೈದಕ್ಕೆ. ನಾನು ಬಾಯಿ ತೆರೆಯುವುದರೊಳಗೆ ಅವರು ಮುಂದಿನ ರೋಗಿಯ ಕಡೆ ಹೋಗಿಯಾಗಿತ್ತು. ಡ್ರಿಪ್ ಇದೆಯಲ್ಲ, ಬೆಳಗಿನ ತನಕ ಹೇಗೋ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆಪರೇಷನ್ ಆದವರನ್ನು ಮೊದಲು ಮಲಗಿಸುವ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಒಂದು ಗೋಡೆ ಗಡಿಯಾರ. ಅತ್ತೆ ಮಂಪರಿನಲ್ಲಿದ್ದರು. ಮಂಚದ ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲ ಕೆಂಪಗಿತ್ತು. ಆರು ಗಂಟೆಗೆ ಡ್ರಿಪ್ ಚುಚ್ಚಿದ ಕೈ ಊದಿಕೊಂಡಿತು. ನರ್ಸ್ ಬಂದು ಸೂಜಿ ಕಿತ್ತು ಇನ್ನೊಂದು ಕೈಗೆ ಚುಚ್ಚಿದಳು, ಸಿಗಲಿಲ್ಲ. ಮತ್ತೊಮ್ಮೆ ಚುಚ್ಚಿದಳು, ನರ ಜಾರಿತು. ದಿನವಿಡೀ ಸೂಜಿಯೊಂದಿಗೇ ಬದುಕುವವಳು ನಾನು, ಆದರೂ ಆ ಮುದುಕಿಯ ಕೈ ನೋಡಲಾರದೆ ಮುಖ ತಿರುಗಿಸಿದೆ. "ಬಾಯಲ್ಲಿ ಚೆನ್ನಾಗಿ ಕುಡುದ್ರೆ ಮತ್ತೆ ಚುಚ್ಚೋದು ಬೇಡ ಅಕ್ಕ. ಕುಡ್ಸಿ" ಎಂದು ನರ್ಸ್ ಹೋದಳು. ಚೀಲ ನೋಡಿದೆ. ಅರ್ಧ ಗಂಟೆಯಿಂದ ಒಂದು ಗೆರೆಯೂ ಏರಿರಲಿಲ್ಲ.

ಏಳಕ್ಕೆ ಹತ್ತು ನಿಮಿಷವಿದ್ದಾಗ ಅತ್ತೆ ಕಣ್ಣು ಬಿಟ್ಟರು. ತುಟಿ ಒಡೆದು ಬಿಳಿಚಿಕೊಂಡಿತ್ತು. ನಾಲಿಗೆ ಹೊರಳದೆ ಮಾತು ತೊದಲುತ್ತಿತ್ತು.

"ಹೊತ್ತು ಇದ್ಯೇನೇ?"

ನಾನು ಗಡಿಯಾರ ನೋಡಿದೆ. ಕೆಳಗೆ ಚೀಲ ನೋಡಿದೆ.

"ಇದೆ ಅತ್ತೆ. ಇನ್ನೂ ಅರ್ಧ ಗಂಟೆ ಇದೆ."

ಅವರು ಮತ್ತೊಮ್ಮೆ ಕೇಳಲಿಲ್ಲ. ಮನೆಯಿಂದ ತಂದ ಸ್ಟೀಲಿನ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿದೆ. ತಲೆ ಎತ್ತಕೂಡದು ಎಂದಿದ್ದರಿಂದ ಸ್ಟ್ರಾ ಇಟ್ಟೆ. ಮೊದಲ ಲೋಟವನ್ನು ಅತ್ತೆ ಉಸಿರು ತೆಗೆಯದೆ ಕುಡಿದರು. ಎರಡನೆಯದನ್ನು ನಿಧಾನವಾಗಿ ಕುಡಿದು, "ಎಷ್ಟು ಸಿಹಿ ಉಂಟು" ಎಂದರು. ಮೂರನೆಯದಕ್ಕೆ ಬಾಯಿಟ್ಟಿದ್ದರು. ಆಗ ಪಾಳಿ ಬದಲಾಗಿ ಬಂದ ಬೇರೆ ನರ್ಸ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಏನಜ್ಜಿ, ಏಳು ಗಂಟೆ ಆಯ್ತು, ನೀರು ಕುಡುದ್ರಾ?"

ಅತ್ತೆಯ ಗಂಟಲು ನಿಂತಿತು. ಬಾಯಿ ತುಂಬ ನೀರಿತ್ತು. ಅವರು ಅದನ್ನು ನುಂಗಲಿಲ್ಲ. ಕುತ್ತಿಗೆಯನ್ನು ಗೋಡೆಯ ಕಡೆ ಹೊರಳಿಸಿ ತುಟಿ ಸಡಿಲ ಬಿಟ್ಟರು. ನೀರು ಕೆನ್ನೆಯ ಮೇಲಿಂದ ಇಳಿದು ದಿಂಬಿಗೆ ಇಂಗಿತು. ನಾನು ಸೆರಗಿನಿಂದ ಒರೆಸಲು ಹೋದಾಗ ಕೈಯನ್ನು ಮೆಲ್ಲಗೆ ದೂಡಿದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ರಾತ್ರಿ ವಾರ್ಡಿಗೆ ಸಾಗಿಸಿದ ಮೇಲೆ ಡ್ಯೂಟಿ ಡಾಕ್ಟರು ಕಾಲಿನಲ್ಲಿ ಒಂದು ನರ ಹುಡುಕಿ ಡ್ರಿಪ್ ಹಾಕಿದರು, ಬೆಳಗಾಗುವಾಗ ಅದೂ ಊದಿ ನಿಂತಿತು. ಹೊತ್ತು ಹುಟ್ಟುವುದನ್ನೇ ಕಾದಿದ್ದ ನಾನು ಲೋಟ ಹಿಡಿದು ಹೋದೆ.

"ಇವತ್ತು ಉಪವಾಸ" ಎಂದರು ಅತ್ತೆ, ನನ್ನ ಕಡೆ ನೋಡದೆ. "ನೀರೂ ಇಲ್ಲ."

ನಿಯಮ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಅದು. ಮರುದಿನ ಸೂರ್ಯ ಹುಟ್ಟುವ ತನಕ, ಪೂರ್ತಿ ಒಂದು ಹಗಲು ಒಂದು ರಾತ್ರಿ. ಎರಡು ಲೋಟ ನೀರಿಗಾಗಿ ಹೇಳಿದ ಸುಳ್ಳು ಒಂದು ದಿನದ ನೀರನ್ನೇ ನುಂಗಿ ಕೂತಿತ್ತು. ಚೀಲದಲ್ಲಿ ರಾತ್ರಿಯಿಂದ ಬಂದದ್ದು ಎರಡು ಬೆರಳಿನಷ್ಟು, ಅದೂ ಕಂದು ಬಣ್ಣಕ್ಕೆ ತಿರುಗಿ ಎಳೆಎಳೆಯಾಗಿ ಹೆಪ್ಪುಗಟ್ಟಿತ್ತು. ನರ್ಸ್ ಶಿವಮೊಗ್ಗಕ್ಕೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು. ಡಾಕ್ಟರ ದನಿಯಲ್ಲಿ ನಿನ್ನೆಯ ಸಲಿಗೆ ಇರಲಿಲ್ಲ. "ಹತ್ತು ಗಂಟೆವರೆಗೆ ನೋಡ್ತೀನಿ. ಕುಡೀಲಿಲ್ಲ ಅಂದ್ರೆ ಆಂಬ್ಯುಲೆನ್ಸಲ್ಲಿ ಇಲ್ಲಿಗೆ ತನ್ನಿ. ಕುತ್ತಿಗೆಯಲ್ಲಿ ಲೈನ್ ಹಾಕ್ಬೇಕು. ಕಿಡ್ನಿ ನಿಂತ್ರೆ ಡಯಾಲಿಸಿಸ್. ಈ ವಯಸ್ಸಿಗೆ ಅದು ಎಷ್ಟು ತಡೀತದೆ ನಾ ಹೇಳಲಾರೆ."

ಎಂಟೂವರೆಗೆ ನಮ್ಮವರು ಬಂದರು. ತಾಯಿಯ ಬಳಿ ಹತ್ತು ನಿಮಿಷ ಕೂತು, ಗೋಗರೆದು, ಸೋತು, ನನ್ನನ್ನು ಪಡಸಾಲೆಗೆ ಕರೆದರು. ನನ್ನ ಗಂಡ ಒಳ್ಳೆಯ ಮನುಷ್ಯ, ಯಾವ ಕಷ್ಟಕ್ಕೂ ಸುತ್ತುದಾರಿ ಹುಡುಕುವವರು.

"ಒಂದು ಕೆಲ್ಸ ಮಾಡಣ. ಬಸದಿ ಪುರೋಹಿತ್ರಿಗೆ ಫೋನ್ ಮಾಡಿದ್ವಿ, ಕಾಯಿಲೆಯವ್ರಿಗೆ ದೋಷ ಇಲ್ಲ, ನೀರು ಕುಡೀಬಹುದು ಅಂದ್ರು ಅಂತ ಹೇಳಣ."

"ಫೋನ್ ಮಾಡಿದ್ರಾ?"

"ಮಾಡ್ದೆ. ಎತ್ತಲಿಲ್ಲ. ಎತ್ತಿದ್ರೆ ಹಂಗೇ ಅಂತಿದ್ರಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಒಂದು ಸುಳ್ಳು ಹೇಳಿ ಅವ್ರನ್ನ ಅರ್ಧ ಕೊಂದಿದೀನಿ. ಇನ್ನರ್ಧ ನೀವು ಕೊಲ್ತೀರಾ?" ಎಂದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆಂಬ್ಯುಲೆನ್ಸಿನ ಡ್ರೈವರು ಆಗಲೇ ಬಂದು ಕೌಂಟರಿನ ಬಳಿ ಚಹಾ ಕುಡಿಯುತ್ತಿದ್ದ. ಒಂಬತ್ತೂಕಾಲು.

ಒಳಗೆ ಹೋದೆವು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಶುರುಮಾಡಿದರು. "ಅಮ್ಮ, ಅವ್ಳು ತಪ್ಪಿ ಹೇಳಿದ್ದು. ಆ ಕೋಣೆ ಗಡಿಯಾರ ಕೆಟ್ಟು ನಿಂತಿತ್ತಂತೆ."

"ನೀ ಸುಮ್ನಿರು" ಎಂದರು ಅತ್ತೆ. ನಿನ್ನೆ ಸಂಜೆಯಿಂದ ಮೊದಲ ಬಾರಿಗೆ ನನ್ನ ಕಡೆ ಮುಖ ತಿರುಗಿಸಿದರು. ಆ ಮಬ್ಬು ಕಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ ತಿಳಿಯದು. "ನೀ ಹೇಳು. ತಪ್ಪಿ ಹೇಳಿದ್ಯಾ, ಬೇಕಂತ ಹೇಳಿದ್ಯಾ?"

ಹಿಂದೆ ನಿಂತಿದ್ದ ನಮ್ಮವರು ನನ್ನ ಮೊಣಕೈ ಹಿಸುಕಿದರು. ತಪ್ಪಿ ಹೇಳಿದೆ ಅಂದರೆ ಮುಗಿಯುತ್ತದೆ, ಹನ್ನೆರಡು ವರ್ಷದ ನಂಬಿಕೆಯೂ ಉಳಿಯುತ್ತದೆ ಎಂದು ಆ ಹಿಸುಕಿನ ಅರ್ಥ. ನಾನು ಧರ್ಮ ಸೂಕ್ಷ್ಮ ತಿಳಿದು ಉತ್ತರ ಕೊಟ್ಟೆ ಎಂದು ಈಗ ಕೊಚ್ಚಿಕೊಳ್ಳಲಾರೆ. ನಿದ್ದೆಯಿರಲಿಲ್ಲ, ಹೆದರಿಕೆಯಿತ್ತು, ಆ ಮುದುಕಿಯ ಹಟದ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

"ಬೇಕಂತಲೇ ಹೇಳ್ದೆ. ಗಡಿಯಾರ ಸರಿಯಾಗೇ ಇತ್ತು. ನೋಡೇ ಸುಳ್ಳು ಹೇಳ್ದೆ. ನೀವು ಸಾಯೋದು ನಂಗೆ ಬೇಡ. ನಿಮಗೆ ಬೇಕಿದ್ರೆ ಬೇಕಾಗಿರ್ಲಿ, ನಂಗೆ ಬೇಡ."

ಹೇಳಿ ಮುಗಿಸುವಾಗ ಅಳು ಬಂದಿತ್ತು. ಅಳುವುದು ನನಗೆ ಒಗ್ಗುವುದಿಲ್ಲ, ಅದಕ್ಕೂ ಸಿಟ್ಟು ಬಂತು. ನಮ್ಮವರು ತಲೆ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕೂತರು. ಅತ್ತೆಯ ಬೆರಳುಗಳು ಜಪಸರ ಎಣಿಸುವ ಹಾಗೆ ಹೊದಿಕೆಯ ಅಂಚಿನಲ್ಲಿ ಆಡುತ್ತಿದ್ದವು.

"ತಪ್ಪಿ ಹೇಳಿದ್ದು ಅಂದಿದ್ರೆ ಪಾಪ ಪೂರ್ತಿ ನಂದೇ ಆಗ್ತಿತ್ತು" ಎಂದರು ಕೊನೆಗೆ. "ಕುಡುದೋಳು ನಾನೇ ಅಲ್ವಾ. ಆದ್ರೆ ಮಾಡೋ ಪಾಪ ಒಂದು, ಮಾಡ್ಸೋ ಪಾಪ ಒಂದು. ಗೊತ್ತಿಲ್ದೆ ಕುಡುದದ್ದು ನಂದು. ಗೊತ್ತಿದ್ದೂ ಕುಡ್ಸಿದ್ದು ನಿಂದು. ನಿಂದೇ ದೊಡ್ಡದು."

"ಹೌದು."

"ಉಪವಾಸ ನೀ ಮಾಡ್ತೀಯಾ?"

"ಮಾಡ್ತೀನಿ."

"ನೀರೂ ಇಲ್ಲ. ನಾಳೆ ಹೊತ್ತು ಹುಟ್ಟೋ ತನ್ಕ."

"ಆಯ್ತು ಅಂದ್ನಲ್ಲ."

"ಆಯ್ತು ಅಂದ್ರೆ ಸಾಲ್ದು. ನಡುವೆ ಕುಡುದ್ರೆ ಮತ್ತೊಂದು ಪಾಪ." ಅವರು ಕಣ್ಣು ಮುಚ್ಚಿ ಏನೋ ಪಠಿಸಿ ಮತ್ತೆ ತೆರೆದರು. "ನನ್ನ ಪಾಲಿಗೆ ಒಂದು ತಿಂಗಳು ತುಪ್ಪ ಬಿಡ್ತೀನಿ. ಕೊಡು ನೀರು."

ಲೋಟ ತುಂಬಿ ಸ್ಟ್ರಾ ಇಟ್ಟು ಹಿಡಿದೆ. ಅತ್ತೆ ಒಂದು ಲೋಟ ಕುಡಿದರು, ಸುಧಾರಿಸಿಕೊಂಡು ಇನ್ನೊಂದು. ಹತ್ತು ಗಂಟೆಗೆ ಡ್ರೈವರು ಬಾಗಿಲಲ್ಲಿ ಇಣುಕಿದ. ನರ್ಸ್ ಬಗ್ಗಿ ಚೀಲದ ಗೆರೆ ನೋಡಿ, "ಇನ್ನೊಂದು ಗಂಟೆ ಇರ್ಲಿ" ಎಂದಳು. ಆ ಒಂದು ಗಂಟೆ ನನ್ನ ಕೆಲಸ ಲೋಟ ತುಂಬುವುದು, ಹಿಡಿಯುವುದು, ಬಗ್ಗಿ ಕೆಳಗೆ ನೋಡುವುದು, ಇಷ್ಟೇ. ಹನ್ನೊಂದಕ್ಕೆ ಸ್ವಲ್ಪ ಮೊದಲು ಕೊಳವೆಯಲ್ಲಿ ಹೆಪ್ಪಿನ ಒಂದು ತುಣುಕು ಜಾರಿ ಬಂತು, ಅದರ ಹಿಂದೆಯೇ ಧಾರೆ ಬಿಟ್ಟುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಚೀಲದ ಬಣ್ಣ ಡಿಕಾಕ್ಷನ್ನಿನಿಂದ ತೆಳು ಚಹಾಕ್ಕೆ ಇಳಿದಿತ್ತು. ಆಂಬ್ಯುಲೆನ್ಸನ್ನು ಬೇರೆ ಯಾರಿಗೋ ಕಳಿಸಿದರು.

ಆ ದಿನದ ಬಾಯಾರಿಕೆಯನ್ನು ನಾನು ಮರೆಯುವುದಿಲ್ಲ. ಮಾರ್ಚಿನ ಬಿಸಿಲು, ಫ್ಯಾನಿನ ಬಿಸಿಗಾಳಿ, ಕೈಯಲ್ಲಿ ಸದಾ ನೀರಿನ ಲೋಟ. ಮೂರು ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟಿತು. ನಮ್ಮವರು ಗುಟ್ಟಾಗಿ ಎಳನೀರು ತಂದು, "ಅಮ್ಮನಿಗೆ ಕಾಣಲ್ಲ, ಕುಡ್ಕೋ" ಎಂದರು. ನಾನು ನೋಡಿದ ನೋಟಕ್ಕೆ ತಾವೇ ಕುಡಿದುಕೊಂಡರು. ಸಂಜೆ ಅತ್ತೆ ನರ್ಸನ್ನು ಕರೆದು, "ಹೊತ್ತು ಎಷ್ಟಿದೆ ಮಗ?" ಎಂದು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಾರಿಕೆಗಿಂತ ಅದು ಹೆಚ್ಚು ಸುಟ್ಟಿತು. ಮರುದಿನ ಹೊತ್ತು ಹುಟ್ಟಿದ ಮೇಲೆ ಆಸ್ಪತ್ರೆಯ ನಲ್ಲಿಯ ಬಳಿ ನಿಂತು ಮೂರು ಲೋಟ ನೀರು ಕುಡಿದೆ, ಯಾರೂ ನೋಡಲಿಲ್ಲ.

ಡಾಕ್ಟರಿಗೆ ಇದೆಲ್ಲ ಹೇಳಿದಾಗ ಅವರು ತಲೆ ಕೆರೆದುಕೊಂಡು, ಮೂರು ಲೀಟರನ್ನೂ ಹಗಲೇ ಕುಡಿಯುವ ಪಟ್ಟಿಯೊಂದನ್ನು ಬರೆದುಕೊಟ್ಟರು, ಕೊನೆಯ ಎರಡು ಲೋಟ ಸೂರ್ಯಾಸ್ತದ ಮುಂಚೆ. ಮನೆಗೆ ಬಂದ ಮೇಲೆ ಅತ್ತೆ ಅದನ್ನು ಚಾಚೂ ತಪ್ಪದೆ ನಡೆಸಿದರು. ಹೊತ್ತು ಹೇಳಲು ನಮ್ಮವರ ಹಳೆಯ ಫೋನಿಗೆ ಅಲಾರಾಂ ಇಡಿಸಿಕೊಂಡರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ನಾನು ಸೋಸಿದ ನೀರನ್ನೂ ಬಿಟ್ಟಿರಲಿಲ್ಲ. ಸಂಜೆ ಫೋನು ಕಿರುಚಿಕೊಂಡಾಗ ಮಾತ್ರ ನಾನು ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಐದು ವಾರ ಕಳೆದು ಒಳಗಿನ ಪೈಪು ತೆಗೆಸಲು ಮತ್ತೆ ಸಾಗರಕ್ಕೆ ಹೋದೆವು, ನಾವಿಬ್ಬರೇ. ಹತ್ತು ನಿಮಿಷದ ಕೆಲಸ. ಕಿಡ್ನಿ ಚೆನ್ನಾಗಿದೆ ಎಂದರು. ವಾಪಸು ಬರುವ ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇನ್ನು ತಡೆಯಲಾರದೆ ಹೇಳಿದೆ.

"ಅತ್ತೆ, ಒಂದು ಮಾತು. ಉಪವಾಸ ಮಾಡ್ದೆ ನಿಜ. ಆದ್ರೆ ಮತ್ತೆ ಅಂಥ ಹೊತ್ತು ಬಂದ್ರೆ ನಾನು ಮತ್ತೆ ಅದೇ ಸುಳ್ಳು ಹೇಳ್ತೀನಿ."

"ಗೊತ್ತು" ಎಂದರು ಅತ್ತೆ. ಬಸ್ಸು ಒಂದು ಹಂಪ್ ದಾಟಿತು. ಅವರು ನನ್ನ ತೋಳು ಹಿಡಿದು ಕುಲುಕಾಟ ನಿಲ್ಲುವ ತನಕ ಬಿಡಲಿಲ್ಲ. "ಅದಕ್ಕೇ ಹೊತ್ತು ನಿನ್ನ ಕೇಳಲ್ಲ. ಆಸ್ಪತ್ರೆಗೆ ಹೋಗೋದಿದ್ರೆ ಮಾತ್ರ ಮಗನ ಜೊತೆ ಹೋಗಲ್ಲ ನಾನು. ನೀನೇ ಬರ್ಬೇಕು."